ಬಿಳಿ ಬೋರ್ಡಿನ ಕಾರು: ಸ್ಟೀರಿಂಗಿನೊಳಗಿನ ಬಟ್ಟೆ

ಚಾಂದ್ ಪಾಷಾ ಸ್ಟೀರಿಂಗಿನ ನಡುವಿನ ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಒಂದೇ ಸಲ ಮೀಟಿದರು. ಮುಚ್ಚಳ ಎದ್ದು ಅವರ ಕೈಗೆ ಬಂತು. ಅಷ್ಟು ಸುಲಭವಾಗಿ ಅದು ಬರಬಾರದಿತ್ತು.

ಅವರು ಕೈಯನ್ನು ಅಲ್ಲೇ ನಿಲ್ಲಿಸಿ ನಾಜಿಶ್ ಕಡೆ ನೋಡಿದರು. ಶಿವಾಜಿನಗರದ ಗುಜರಿ ಸಾಲಿನಲ್ಲಿ ನಲವತ್ತು ವರ್ಷ ಕಾರುಗಳ ಹೊಟ್ಟೆ ಬಗೆದ ಮನುಷ್ಯ. ಕಾರಿನೊಳಗೆ ಏನು ಕಂಡರೂ ಅವರ ಮುಖ ಬದಲಾಗುತ್ತಿರಲಿಲ್ಲ. ಈಗ ಬದಲಾಗಿತ್ತು.

"ಬೇಟಿ, ನೀನು ಸ್ವಲ್ಪ ಆಚೆ ಹೋಗಿ ನಿಂತ್ಕೊ."

"ತೆಗೀರಿ ಚಾಚಾ. ನಾನೇ ನೋಡ್ಬೇಕು."

ಕೆ.ಆರ್. ಪುರಂ ಸಂತೆಯ ಹಿಂದೆ, ಪೊಲೀಸರು ಪರೀಕ್ಷೆ ಮುಗಿಸಿ ಬಿಟ್ಟ ಗಾಡಿಗಳನ್ನು ತಂದು ನಿಲ್ಲಿಸುವ ಬಯಲು ಅದು. ಬೆಳಗಿನ ಹನ್ನೊಂದಕ್ಕೇ ತಗಡು ಮುಟ್ಟಿದರೆ ಸುಡುತ್ತಿತ್ತು. ಆ ಬಿಳಿ ಕಾರಿನ ಮೂತಿ ಒಳಕ್ಕೆ ಮಡಚಿಕೊಂಡಿತ್ತು, ಡ್ರೈವರ್ ಸೀಟಿನ ಮೇಲೆ ಯಾರೋ ಹಳೆಯ ಪೇಪರು ಹಾಸಿದ್ದರು. ಇಪ್ಪತ್ತಾರು ದಿನಗಳ ಹಿಂದೆ ನಾಜಿಶ್‌ಳ ತಮ್ಮ ಸೈಫ್ ಸತ್ತದ್ದು ಆ ಸೀಟಿನಲ್ಲೇ.

ಏರ್‌ಬ್ಯಾಗ್ ಇರಬೇಕಾದ ಗೂಡಿನಲ್ಲಿ ಹಳದಿ ಬಟ್ಟೆ ತುರುಕಿತ್ತು.

ಚಾಂದ್ ಪಾಷಾ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ನಾಲ್ಕು ಮಡಿಕೆಯಾಗಿ ಒತ್ತಿ ತುಂಬಿದ ಬಟ್ಟೆ, ಕಾರಿನ ಗಾಜು ಒರೆಸುವಂಥದ್ದು. ಬಿಡಿಸಿದಾಗ ಮೂಲೆಯಲ್ಲಿ ನೀಲಿ ಅಕ್ಷರ ಕಾಣಿಸಿತು: ನವರಥ ಸೆಲ್ಫ್ ಡ್ರೈವ್, ಹೊಸ ತಿಪ್ಪಸಂದ್ರ.

ಒಮ್ಮೆ ಅಪಘಾತದಲ್ಲಿ ತೆರೆದುಕೊಂಡ ಏರ್‌ಬ್ಯಾಗ್ ಮತ್ತೆ ಕೆಲಸಕ್ಕೆ ಬರುವುದಿಲ್ಲ ಎಂದು ಚಾಂದ್ ಪಾಷಾ ತಗ್ಗಿದ ದನಿಯಲ್ಲಿ ವಿವರಿಸಿದರು. ಹೊಸದು ಹಾಕಿಸಬೇಕು, ದುಬಾರಿ. ಹಾಕಿಸುವ ಮನಸ್ಸಿಲ್ಲದವರು ಗುಜರಿಯಲ್ಲಿ ಬರೀ ಮುಚ್ಚಳ ಕೊಂಡು, ಒಳಗೆ ಏನಾದರೂ ತುಂಬಿ ಕೂರಿಸಿಬಿಡುತ್ತಾರೆ. ಏರ್‌ಬ್ಯಾಗ್ ಇಲ್ಲದಿದ್ದರೆ ಗಾಡಿಯ ಮುಂದಿನ ಫಲಕದಲ್ಲಿ ಕೆಂಪು ದೀಪ ಉರಿಯುತ್ತದಲ್ಲ, ಅದನ್ನು ಆರಿಸುವುದಕ್ಕೂ ದಾರಿಯಿದೆ. ಅವರು ವೈರುಗಳ ನಡುವೆ ಬೆಸುಗೆ ಹಾಕಿದ್ದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ತುಣುಕೊಂದನ್ನು ಉಗುರಿನಿಂದ ತೋರಿಸಿದರು.

"ಇದಿದ್ರೆ ಏರ್‌ಬ್ಯಾಗ್ ಇದೆ ಅಂತ ಗಾಡಿ ನಂಬುತ್ತೆ. ಓಡ್ಸೋನೂ ನಂಬ್ತಾನೆ" ಎಂದರು.

ನಾಜಿಶ್ ಅಳಲಿಲ್ಲ. ಬಟ್ಟೆಯ ಫೋಟೊ ತೆಗೆದಳು, ಖಾಲಿ ಗೂಡಿನ ಫೋಟೊ ತೆಗೆದಳು, ಗಾಡಿಯ ಚಾಸಿ ನಂಬರು ಕಾಣುವ ಹಾಗೆ ಮತ್ತೊಂದು ತೆಗೆದಳು. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಂಟಿಸಿ, ಸಾಕ್ಷಿಯಾಗಿ ಚಾಂದ್ ಪಾಷಾರ ಸಹಿ ಹಾಕಿಸಿಕೊಂಡಳು. ಹನ್ನೊಂದು ವರ್ಷದಿಂದ ಇನ್ಶೂರೆನ್ಸ್ ಕ್ಲೇಮುಗಳನ್ನು ನೋಡಿಕೊಂಡು ಬಂದ ಕೈ ಅದು, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಕಾರಿನ ಯಜಮಾನ ದುರ್ಗೇಶ ಪೊಲೀಸರ ಮುಂದೆ ಹೇಳಿದ್ದೇ ಬೇರೆ. ಹುಡುಗ ಸೀಟ್ ಬೆಲ್ಟ್ ಹಾಕಿರಲಿಲ್ಲ, ಅದಕ್ಕೇ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ, ತಪ್ಪು ಅವನದೇ ಎಂದಿದ್ದ. ಕ್ಲೇಮ್ ಫಾರಮ್ಮಿನಲ್ಲೂ ಅದನ್ನೇ ಬರೆದಿದ್ದ. ಆದರೆ ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಸೈಫ್‌ನ ಬಲ ಹೆಗಲಿನಿಂದ ಎಡ ಸೊಂಟದವರೆಗೆ ಬೆಲ್ಟಿನ ಬರೆ ಬಿದ್ದಿದ್ದು ದಾಖಲಾಗಿತ್ತು. ಬೆಲ್ಟು ಅವನನ್ನು ಸೀಟಿಗೆ ಹಿಡಿದೇ ಇತ್ತು. ತಲೆಗೆ ಅಡ್ಡ ಬರಬೇಕಾದ್ದು ಮಾತ್ರ ಬರಲಿಲ್ಲ.

ಸತ್ತವನ ಮೇಲೆ ಹೊರಿಸಿದ ಆ ಒಂದು ಮಾತು ಅವಳ ಎದೆಯಲ್ಲಿ ಇಪ್ಪತ್ತಾರು ದಿನದಿಂದ ಕೆಂಡದಂತೆ ಕೂತಿತ್ತು. ಹಳದಿ ಬಟ್ಟೆ ಕೈಗೆ ಸಿಕ್ಕ ಮೇಲೆ ಅದು ಉರಿಯತೊಡಗಿತು.

*

ಸೈಫ್‌ಗೆ ಇಪ್ಪತ್ತೇಳು. ಕಮರ್ಷಿಯಲ್ ಸ್ಟ್ರೀಟಿನ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಿದ್ದ. ಕೋಲಾರದಲ್ಲಿ ನೆಂಟರ ಮನೆಯ ನಿಖಾ ಇತ್ತು. ಅಮ್ಮಿಗೆ ಬಸ್ಸಿನಲ್ಲಿ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆಂದು ಒಂದು ದಿನದ ಮಟ್ಟಿಗೆ ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡ.

ಕಾರು ಕೈಗೆ ಬಂದ ಕೂಡಲೇ ಅವನು ಅಕ್ಕನಿಗೆ ಎರಡು ಫೋಟೊ ಕಳಿಸಿದ್ದ. ಒಂದು, ಸಹಿ ಹಾಕಿದ ಬಾಡಿಗೆ ಕರಾರಿನದು. ಇನ್ನೊಂದರಲ್ಲಿ ಅಮ್ಮಿ ಕಾರಿನ ಮುಂದೆ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಕೆಳಗೆ ಒಂದು ಸಾಲು: ಫುಲ್ ಇನ್ಶೂರೆನ್ಸ್ ಇದೆಯಂತೆ ಆಪಾ, ಸರಿ ಇದೆಯಾ ನೋಡು.

ಲಿಂಗರಾಜಪುರದಲ್ಲಿ ಇನ್ಯಾರದೋ ಕಾರಿನ ಡೊಂಕು ಅಳೆಯುತ್ತಿದ್ದ ನಾಜಿಶ್ ಆ ಸಂದೇಶ ನೋಡಿದ್ದು ಎರಡು ಗಂಟೆ ಕಳೆದ ಮೇಲೆ. ಫೋಟೊ ತೆರೆದ ಕೂಡಲೇ ಕಣ್ಣಿಗೆ ಬಿದ್ದದ್ದು ನಂಬರ್ ಪ್ಲೇಟು. ಬಿಳಿ ಬೋರ್ಡು, ಕಪ್ಪು ಅಕ್ಷರ. ಸ್ವಂತ ಬಳಕೆಯ ಕಾರು. ಬಾಡಿಗೆಗೆ ಕೊಡುವ ಸೆಲ್ಫ್ ಡ್ರೈವ್ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ ಇರಬೇಕು. ಪಾಲಿಸಿಯೂ ಅದಕ್ಕೆ ತಕ್ಕದ್ದೇ ಇರಬೇಕು. ಮನೆಬಳಕೆಯ ಪಾಲಿಸಿ ಇರುವ ಕಾರನ್ನು ಬಾಡಿಗೆಗೆ ಬಿಟ್ಟು, ಅದು ಎಲ್ಲಾದರೂ ಗುದ್ದಿದರೆ, ಕಂಪನಿ ಆ ಕಾರಿನ ರಿಪೇರಿಗೆ ಬಿಡಿಗಾಸು ಕೊಡುವುದಿಲ್ಲ. ಅವಳು ಹಾಗೆಂದು ಹೇಳಲು ಫೋನ್ ಮಾಡಿದಳು. ಫೋನ್ ಎತ್ತಿದ್ದು ಕೆ.ಆರ್. ಪುರಂ ಠಾಣೆಯ ಪೇದೆ.

ಅಮ್ಮಿ ಮಜೀದಾ ಹಿಂದಿನ ಸೀಟಿನಲ್ಲಿದ್ದಳು, ಬದುಕಿದಳು. ಸೊಂಟದ ಮೂಳೆ ಮುರಿದು ಶಿವಾಜಿನಗರದ ಮನೆಯ ಮಂಚ ಹಿಡಿದಿದ್ದಾಳೆ. ಮೊದಮೊದಲು ಮಾತೇ ಆಡುತ್ತಿರಲಿಲ್ಲ. ಈಗ ದಿನಕ್ಕೊಂದು ಸಲ ಮಗಳ ಮಣಿಕಟ್ಟು ಹಿಡಿದು, ಗಾಡಿ ಕೊಟ್ಟವನು ಊಟ ಮಾಡುತ್ತಿದ್ದಾನಾ, ನಿದ್ದೆ ಮಾಡುತ್ತಿದ್ದಾನಾ ಎಂದು ಕೇಳುತ್ತಾಳೆ. ಮಾಡುತ್ತಿದ್ದಾನೆ ಅಮ್ಮಿ ಎಂದು ನಾಜಿಶ್ ನಿಜವನ್ನೇ ಹೇಳುತ್ತಾಳೆ.

"ಅದನ್ನ ನಿಲ್ಸು" ಎಂದಿದ್ದಳು ಅಮ್ಮಿ ನಿನ್ನೆ. ಅಷ್ಟೇ.

ಆ ಅಪಘಾತದಲ್ಲಿ ಇನ್ನೊಬ್ಬಳು ಗಾಯಗೊಂಡಿದ್ದಳು. ಕೆ.ಆರ್. ಪುರಂ ತೂಗುಸೇತುವೆಯ ಹತ್ತಿರ ರಸ್ತೆ ಪಕ್ಕದಲ್ಲಿ ಸೊಪ್ಪು ಮಾರುವ ಚಿಕ್ಕಮುನಿಯಮ್ಮ. ಈಗ ಜೋಗುಪಾಳ್ಯದ ಮಗಳ ಮನೆಯಲ್ಲಿದ್ದಾಳೆ, ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಹೇಳಿಕೆ ತೆಗೆದುಕೊಳ್ಳಲು ನಾಜಿಶ್ ಹೋದಾಗ, ತನ್ನ ಕಾಲು ತೆಗೆದ ಕಾರನ್ನು ಓಡಿಸುತ್ತಿದ್ದವನನ್ನು ಮುದುಕಿ ಶಪಿಸುತ್ತಾಳೆಂದೇ ಅಂದುಕೊಂಡಿದ್ದಳು. ಮುದುಕಿ ಹೇಳಿದ್ದು ಬೇರೆ. ಲಾರಿಯೊಂದು ಕಾರನ್ನು ಒತ್ತಿಕೊಂಡು ಬಂತು. ಕಾರು ನೇರ ಅವಳ ಮೈಮೇಲೇ ಬರುತ್ತಿತ್ತು. ಹುಡುಗ ಅವಳ ಮುಖ ನೋಡಿದ. ನೋಡಿದವನೇ ಸ್ಟೀರಿಂಗನ್ನು ಎಡಕ್ಕೆ ಎಳೆದು ಕಾಂಕ್ರೀಟ್ ಗೋಡೆಗೆ ಹೊಡೆದ. ಕಾರಿನ ಹಿಂಭಾಗ ತಿರುಗಿ ಬಂದು ಅವಳ ಕಾಲಿಗೆ ತಗುಲಿತು.

"ನೇರ ಬಂದಿದ್ರೆ ಅವನು ಉಳೀತಿದ್ದ ಕಣಮ್ಮ, ನಾನು ಹೋಗ್ತಿದ್ದೆ" ಎಂದಿದ್ದಳು ಚಿಕ್ಕಮುನಿಯಮ್ಮ.

ನಾಜಿಶ್ ಆ ಮಾತನ್ನು ವರದಿಯಲ್ಲಿ ಅಕ್ಷರ ಬಿಡದೆ ಬರೆದುಕೊಂಡಳು. ತಾನು ಆ ಹುಡುಗನ ಅಕ್ಕ ಎಂದು ಮುದುಕಿಗೆ ಹೇಳಲಿಲ್ಲ. ಇನ್ಶೂರೆನ್ಸ್ ಕಂಪನಿಯಲ್ಲೂ ಯಾರಿಗೂ ಹೇಳಿರಲಿಲ್ಲ.

*

ಹೇಳಿದ್ದರೆ ಈ ಫೈಲು ಅವಳ ಕೈಗೆ ಬರುತ್ತಲೇ ಇರಲಿಲ್ಲ.

ಅವಳು ಈಗ ಯಾವ ಕಂಪನಿಯ ನೌಕರಳೂ ಅಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಸ್ವತಂತ್ರವಾಗಿ ತನಿಖೆ ಮಾಡುತ್ತಿದ್ದಳು. ಕ್ಲೇಮಿನಲ್ಲಿ ಅನುಮಾನ ಬಂದರೆ ಕಂಪನಿಗಳು ಫೈಲು ಕೊಡುತ್ತವೆ, ಅವಳು ಹೋಗಿ ನೋಡಿ ವರದಿ ಬರೆದುಕೊಡುತ್ತಾಳೆ. ಸೈಫ್‌ನ ಮಣ್ಣು ಮುಗಿದ ಐದನೇ ದಿನ, ಇಂದಿರಾನಗರದ ಇನ್ಶೂರೆನ್ಸ್ ಆಫೀಸಿನ ಕ್ಲೇಮ್ಸ್ ಮ್ಯಾನೇಜರ್ ಮುನಿರಾಜಪ್ಪ ಫೋನ್ ಮಾಡಿ ಕರೆದರು. ಅವಳು ನೌಕರಿಯಲ್ಲಿದ್ದಾಗ ಅವಳ ಮೇಲಧಿಕಾರಿಯಾಗಿದ್ದವರು. ಮೇಜಿನ ಮೇಲೆ ಈ ಕಾರಿನ ಫೈಲು ಇತ್ತು.

ಮೊದಲ ಪುಟದಲ್ಲೇ ಸೈಫ್‌ನ ಹೆಸರಿತ್ತು. ಆಗಲೇ ಎದ್ದು ಬರಬೇಕಿತ್ತು. ಈ ಪ್ರಕರಣದ ಯಾರೊಡನೆಯೂ ನನಗೆ ರಕ್ತಸಂಬಂಧವಿಲ್ಲ ಎಂಬ ಅಚ್ಚಾದ ಹಾಳೆಯನ್ನು ಮುನಿರಾಜಪ್ಪ ಮುಂದೆ ತಳ್ಳಿದರು. ಮದುವೆಯಾಗಿ ವಿಳಾಸ ಲಿಂಗರಾಜಪುರಕ್ಕೆ ಬದಲಾಗಿತ್ತು, ಹೆಸರಿನ ಹಿಂದಿನ ಅಕ್ಷರವೂ ಬದಲಾಗಿತ್ತು. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡು ಅವಳು ಸಹಿ ಹಾಕಿದಳು. ಮುನಿರಾಜಪ್ಪ ಕಾಫಿ ತರಿಸಿದರು, ಬಡವಾಗಿದ್ದೀರಿ ಎಂದರು, ಆರೋಗ್ಯ ನೋಡಿಕೊಳ್ಳಿ ಎಂದರು. ಅಷ್ಟೊಂದು ಕಳಕಳಿಯಿಂದ ಅವರು ಹಿಂದೆಂದೂ ಮಾತಾಡಿರಲಿಲ್ಲ.

ಸುಳ್ಳಿನ ಮೇಲೆ ಕಟ್ಟಿದ ತನಿಖೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಬೇರೆಯವರ ಕೈಗೆ ಹೋದ ಫೈಲು ಎರಡು ಫೋಟೊ, ಒಂದು ಹೇಳಿಕೆ, ಮೂರು ಸಾಲಿನ ವರದಿಗೆ ಮುಗಿದುಹೋಗುತ್ತದೆ ಎಂಬುದೂ ಗೊತ್ತಿತ್ತು. ಅಂಥ ಮೂರು ಸಾಲನ್ನು ಅವಳೇ ಎಷ್ಟೋ ಸಲ ಬರೆದಿದ್ದಳು.

ಹಳದಿ ಬಟ್ಟೆ ಸಿಕ್ಕ ದಿನವೇ ಮಧ್ಯಾಹ್ನ ಅವಳು ಮುನಿರಾಜಪ್ಪನವರ ಮುಂದೆ ಹೋಗಿ ನಿಂತಳು. ಕಂಪ್ಯೂಟರಿನಲ್ಲಿ ನೋಡಿದಂತೆ ಇದೇ ಕಾರು ಮೂರು ವರ್ಷದ ಹಿಂದೆಯೂ ಒಮ್ಮೆ ಗುದ್ದಿತ್ತು. ಆಗಲೂ ಯಜಮಾನ ದುರ್ಗೇಶನೇ. ಎರಡು ಏರ್‌ಬ್ಯಾಗ್ ಹೊಸದಾಗಿ ಹಾಕಿಸಿದ್ದೇನೆಂದು ಬಿಲ್ಲು ಕೊಟ್ಟು ಕ್ಲೇಮ್ ಪಡೆದಿದ್ದ. ಹಾಗಿದ್ದರೆ ರಿಪೇರಿ ಆದ ಮೇಲೆ ಕಂಪನಿಯ ಕಡೆಯಿಂದ ಒಬ್ಬರು ಕಾರನ್ನು ನೋಡಿ, ಎಲ್ಲ ಸರಿ ಇದೆ ಎಂದು ಮರುಪರಿಶೀಲನೆಯ ಹಾಳೆ ಬರೆದಿರಲೇಬೇಕು. ಆ ಹಾಳೆ ಕಂಪ್ಯೂಟರಿನಲ್ಲಿರಲಿಲ್ಲ. ಕಾಗದದ ಫೈಲು ಬೇಕು ಎಂದಳು.

ಹಳೆಯ ಫೈಲುಗಳೆಲ್ಲ ಊರಾಚೆಯ ಗೋಡೌನಿಗೆ ಹೋಗಿವೆ, ತರಿಸಲು ಹದಿನೈದು ದಿನವಾದರೂ ಬೇಕು, ಅಷ್ಟರಲ್ಲಿ ನೀವು ವರದಿ ಮುಗಿಸಿಬಿಡಿ ಎಂದರು ಮುನಿರಾಜಪ್ಪ.

ಮೆಟ್ಟಿಲಿಳಿಯುವಾಗ ಅವಳು ಲೆಕ್ಕ ಹಾಕಿದಳು. ಮೂರು ವರ್ಷದ ಹಿಂದೆ ಈ ಶಾಖೆಯಲ್ಲಿ ಮರುಪರಿಶೀಲನೆ ಮಾಡುತ್ತಿದ್ದವರು ನಾಲ್ಕು ಜನ. ಅವರಲ್ಲಿ ಅವಳೂ ಒಬ್ಬಳು. ಉಳಿದ ಮೂವರಲ್ಲಿ ಒಬ್ಬ, ಬಟ್ಟೆ ತುರುಕಿದ ಸ್ಟೀರಿಂಗನ್ನು ನೋಡಿ ಏರ್‌ಬ್ಯಾಗ್ ಇದೆ ಎಂದು ಬರೆದಿದ್ದಾನೆ. ಕಾಸು ತಿಂದು ಬರೆದನೋ, ಮೈಗಳ್ಳತನಕ್ಕೆ ಬರೆದನೋ, ಅವಳಿಗೆ ಎರಡೂ ಒಂದೇ. ದುರ್ಗೇಶನ ಜೊತೆ ಅವನೂ ಕಟಕಟೆ ಹತ್ತಬೇಕು.

*

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ದುರ್ಗೇಶನ ಆಫೀಸು. ಗೋಡೆಯ ತುಂಬ ಮೊಳೆ, ಮೊಳೆಗೊಂದು ಕಾರಿನ ಕೀ. ಮಧ್ಯಾಹ್ನ ಮೂರು ಗಂಟೆ. ಕೆಳಗೆ ಹಣ್ಣಿನ ಗಾಡಿಯವರ ಕೂಗು, ಆಟೋಗಳ ಹಾರ್ನು.

ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ. ಕುರ್ಚಿ ಎಳೆದು ಕೊಟ್ಟ. ಅವಳ ಕಾರ್ಡು ಓದಿ ಮೇಜಿನ ಮೇಲೆ ನೀಟಾಗಿ ಇಟ್ಟ.

ಅವನನ್ನು ಹೊಡೆಯಬೇಕು, ಬಯ್ಯಬೇಕು ಎಂಬ ಆಸೆ ನಾಜಿಶ್‌ಗೆ ಇರಲಿಲ್ಲ. ಮೊದಲ ವಾರ ಇತ್ತು, ಆಮೇಲೆ ಅದು ಗಟ್ಟಿಯಾಗಿ ಬೇರೆಯದೇ ಆಯಿತು. ಅವನ ಕೈಯಿಂದಲೇ ಬರೆಸಬೇಕು. ಅವನ ಅಕ್ಷರ, ಅವನ ಸಹಿ, ಅವನೇ ತೋಡಿಕೊಂಡ ಗುಂಡಿ. ಅದಕ್ಕಾಗಿಯೇ ಬಂದಿದ್ದಳು.

ಕ್ಲೇಮ್ ಫಾರಂ ಸಾಲದು, ಸ್ವಂತ ಕೈಬರಹದಲ್ಲಿ ಒಂದು ಹೇಳಿಕೆ ಬೇಕು ಎಂದಳು. ಕಾರನ್ನು ಸೈಫ್‌ಗೆ ಕೊಟ್ಟದ್ದು ಬಾಡಿಗೆಗೋ, ಸ್ನೇಹಕ್ಕೋ ಎಂದು ಸ್ಪಷ್ಟವಾಗಿ ಬರೆಯಬೇಕು.

"ಸ್ನೇಹಕ್ಕೆ ಮೇಡಂ. ಬಾಡಿಗೆಗೆ ಕೊಡೋ ಗಾಡಿನೇ ಅಲ್ಲ ಅದು, ನನ್ನ ಮನೆ ಗಾಡಿ."

"ಎಷ್ಟು ವರ್ಷದ ಸ್ನೇಹ?"

"ಐದು ವರ್ಷ ಆಯ್ತೇನೋ."

"ಏನ್ ಕೆಲ್ಸ ಮಾಡ್ತಿದ್ದ ಅವ್ನು?"

ದುರ್ಗೇಶ ಒಂದು ಕ್ಷಣ ಕಿಟಕಿಯ ಕಡೆ ನೋಡಿದ. "ಬಟ್ಟೆ ಅಂಗಡೀಲಿ."

"ಅದನ್ನೂ ಬರೀರಿ" ಎಂದಳು.

ಅವನು ಬರೆದ. ಬಿಳಿ ಹಾಳೆಯಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ, ಎಲ್ಲೂ ಪೆನ್ನು ಎತ್ತದೆ, ಒಂದು ಪುಟ ಪೂರ್ತಿ ಬರೆದು ಸಹಿ ಹಾಕಿ ತಾರೀಖು ಹಾಕಿದ. ಅನುಭವಸ್ಥ ಸುಳ್ಳುಗಾರರು ಒಂದೊಂದು ಪದವನ್ನೂ ತೂಗಿ, ತಡೆದು ತಡೆದು ಬರೆಯುತ್ತಾರೆ. ಇವನು ಇಷ್ಟು ಸರಾಗವಾಗಿ ಬರೆದುಕೊಡುತ್ತಿದ್ದಾನಲ್ಲ ಎಂದು ಅವಳಿಗೊಮ್ಮೆ ಅನ್ನಿಸಿತು. ಸೊಕ್ಕು ಎಂದುಕೊಂಡಳು. ಹಾಳೆಯನ್ನು ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಫೋನು ತೆಗೆದು ಅವನ ಮುಂದೆ ಇಟ್ಟಳು. ಸೈಫ್ ಕಳಿಸಿದ್ದ ಬಾಡಿಗೆ ಕರಾರಿನ ಫೋಟೊ. ಮೇಲೆ ನವರಥದ ಹೆಸರು, ಕೆಳಗೆ ದುರ್ಗೇಶನ ಸಹಿ. ಈಗಷ್ಟೇ ಹಾಕಿದ ಸಹಿಯೂ ಅದೇ.

ಅವಳು ನಿಧಾನವಾಗಿ, ಎಳೆಯ ಮಕ್ಕಳಿಗೆ ಪಾಠ ಹೇಳುವವಳ ಹಾಗೆ ಬಿಡಿಸಿ ಹೇಳಿದಳು. ಸ್ನೇಹಿತನಿಗೆ ಕೊಟ್ಟೆ ಎಂದು ಬರೆದದ್ದು ಸುಳ್ಳು ಎಂದಾಯಿತು, ಅಂದರೆ ಕಂಪನಿಗೆ ಮೋಸ, ಅದಕ್ಕೆ ಪೊಲೀಸ್ ಕೇಸು. ಇಲ್ಲ, ಬಾಡಿಗೆಗೇ ಕೊಟ್ಟೆ ಎಂದು ಈಗ ಮಾತು ಬದಲಿಸಿದರೆ ಪಾಲಿಸಿಯ ಕರಾರು ಮುರಿದಂತಾಯಿತು. ಕಾರಿನ ದುಡ್ಡು ಬರುವುದಿಲ್ಲ. ಚಿಕ್ಕಮುನಿಯಮ್ಮನ ಕಾಲಿಗೆ ಕೋರ್ಟು ಪರಿಹಾರ ಕೊಡು ಎಂದಾಗ ಕಂಪನಿ ಮೊದಲು ಕೊಟ್ಟರೂ, ಆಮೇಲೆ ಅಷ್ಟನ್ನೂ ಯಜಮಾನನ ಮನೆ ಮಠ ಮಾರಿಸಿಯಾದರೂ ವಸೂಲು ಮಾಡುತ್ತದೆ.

"ಎರಡು ಬಾಗ್ಲಿದೆ. ಯಾವ್ದ್ರಲ್ಲಿ ಹೋಗ್ತೀರೋ ನಿಮ್ಮಿಷ್ಟ" ಎಂದಳು.

ದುರ್ಗೇಶ ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದ. ಅವನ ಗಂಟಲು ಏರಿ ಇಳಿಯುವುದನ್ನು ಅವಳು ಕಣ್ಣು ಕೀಳದೆ ನೋಡಿದಳು. ಈ ಒಂದು ಕ್ಷಣವನ್ನು ಅವಳು ಅಮ್ಮಿಯ ಮಂಚದ ಪಕ್ಕ ಕೂತು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು.

ಆಗ ಹಳದಿ ಬಟ್ಟೆಯ ಕವರನ್ನು ಮೇಜಿನ ಮೇಲಿಟ್ಟಳು.

ಅದನ್ನು ನೋಡಿದಾಗ ಮಾತ್ರ ಅವನ ಮುಖ ನಿಜವಾಗಿಯೂ ಕಳೆಗುಂದಿತು. ಬಟ್ಟೆಯ ಮೂಲೆಯ ನೀಲಿ ಅಕ್ಷರ ಪ್ಲಾಸ್ಟಿಕ್ಕಿನೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಇದೇ ಬಟ್ಟೆಯ ಕಟ್ಟು, ಇನ್ನೂ ಬಿಚ್ಚದ್ದು, ಅವನ ಕುರ್ಚಿಯ ಹಿಂದಿನ ಕಪಾಟಿನಲ್ಲಿತ್ತು.

"ಇದು ಎಲ್ಲಿತ್ತು ಅಂತ ನಾನ್ ಹೇಳ್ಬೇಕಾ?"

ದುರ್ಗೇಶ ಕವರನ್ನು ಮುಟ್ಟಲಿಲ್ಲ. ಮೇಜಿನ ಕೆಳಗಿನ ಡ್ರಾಯರ್ ಎಳೆದ. ಹಾಳೆಯೊಂದನ್ನು ತೆಗೆದು, ಅವಳ ಕಡೆ ತಿರುಗಿಸಿ ಇಟ್ಟ.

"ಏರ್‌ಬ್ಯಾಗ್ ಹಾಕಿದೀನಿ ಅಂತ ನಾನೊಬ್ನೇ ಹೇಳಿಲ್ಲ ಮೇಡಂ. ನಿಮ್ಮೋರೂ ಬರೆದಿದ್ದಾರೆ. ಓದಿ."

ಅದು ಮರುಪರಿಶೀಲನೆಯ ಹಾಳೆ. ಅವಳು ಹುಡುಕುತ್ತಿದ್ದದ್ದು. ಅವಳು ಆತುರದಿಂದ ಅದನ್ನು ಎಳೆದುಕೊಂಡಳು. ವಾಹನದ ಸಂಖ್ಯೆ ಸರಿಯಾಗಿತ್ತು, ತಾರೀಖು ಮೂರು ವರ್ಷದ ಹಿಂದಿನ ಮಾರ್ಚಿನದು. ಖುದ್ದಾಗಿ ವಾಹನವನ್ನು ನೋಡಿದ್ದು, ಎರಡೂ ಏರ್‌ಬ್ಯಾಗ್‌ಗಳನ್ನು ಹೊಸದಾಗಿ ಅಳವಡಿಸಿರುವುದು ಕಂಡುಬಂದಿದೆ. ಆ ಮೂವರಲ್ಲಿ ಯಾರ ಹೆಸರಿರಬಹುದು ಎಂದು ಅವಳ ಕಣ್ಣು ಕೆಳಕ್ಕೆ ಇಳಿಯಿತು.

ಸಹಿ ಅವಳದು.

ಮೊದಲು ಅದು ಅರ್ಥವಾಗಲೇ ಇಲ್ಲ. ಯಾರೋ ನಕಲು ಮಾಡಿದ್ದಾರೆ ಅನ್ನಿಸಿತು. ಆದರೆ ಕೊನೆಯಲ್ಲಿ ಗೆರೆಯನ್ನು ಕೆಳಕ್ಕೆ ಎಳೆದು ಎರಡು ಚುಕ್ಕಿ ಇಡುವ ಆ ಆತುರ ಅವಳದೇ. ನೀಲಿ ಇಂಕು. ಜೆರಾಕ್ಸ್ ಅಲ್ಲ, ಅಸಲು.

ಮಾರ್ಚ್ ತಿಂಗಳು. ವರ್ಷದ ಲೆಕ್ಕ ಮುಗಿಸುವ ಅವಸರ. ಒಂದೊಂದು ದಿನಕ್ಕೆ ಐವತ್ತು ಫೈಲು ಮೇಜಿಗೆ ಬೀಳುತ್ತಿದ್ದವು. ಗ್ಯಾರೇಜಿನವರು ಫೋಟೊ ಕಳಿಸುತ್ತಿದ್ದರು, ಅವಳು ಫೋಟೊ ನೋಡಿ ಸಹಿ ಹಾಕುತ್ತಿದ್ದಳು. ಕೆಲವು ಸಲ ಫೋಟೊವನ್ನೂ ನೋಡುತ್ತಿರಲಿಲ್ಲ. ಖುದ್ದಾಗಿ ಎಂಬ ಪದ ಹಾಳೆಯಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಈ ಕಾರಿನ ಬಣ್ಣ ಕೂಡ ಅವಳಿಗೆ ನೆನಪಿರಲಿಲ್ಲ. ಅವತ್ತು ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಆ ಮುಚ್ಚಳವನ್ನು ಬೆರಳಿನಿಂದ ಒತ್ತಿ ನೋಡಿದ್ದರೆ ಸಾಕಿತ್ತು.

ಸೈಫ್ ಬದುಕಿರುತ್ತಿದ್ದ.

ಕೆಳಗಿನ ಪಾತ್ರೆ ಅಂಗಡಿಯಲ್ಲಿ ಏನೋ ಉರುಳಿ ಸದ್ದಾಯಿತು. ಅವಳು ಬೆಚ್ಚಿಬಿದ್ದಳು. ದುರ್ಗೇಶ ಮಾತಾಡುತ್ತಿದ್ದ. ಮೆತ್ತಗೆ, ಸಮಾಧಾನ ಹೇಳುವವನ ಹಾಗೆ. ಇದರಲ್ಲಿ ಯಾರಿಗೂ ಲಾಭವಿಲ್ಲ ಎಂದ. ಅವಳು ಅವನ ಹೇಳಿಕೆಯನ್ನು ಹರಿದುಹಾಕಲಿ, ಬಟ್ಟೆಯನ್ನು ಇಲ್ಲೇ ಬಿಟ್ಟುಹೋಗಲಿ. ಅವನು ಈ ಹಾಳೆಯನ್ನು ಅವಳ ಕಣ್ಣೆದುರಿಗೇ ಸುಡುತ್ತಾನೆ. ಹುಡುಗ ಬೆಲ್ಟು ಹಾಕಿರಲಿಲ್ಲ ಎಂದು ಬರೆದು ಫೈಲು ಮುಚ್ಚಿದರೆ ಎಲ್ಲರೂ ಅವರವರ ಮನೆಗೆ ಹೋಗಬಹುದು.

ಬೆಲ್ಟಿನ ಮಾತು ಕೇಳಿದ ಕೂಡಲೇ ಅವಳ ಒಳಗಿನ ಗೊಂದಲವೆಲ್ಲ ಒಮ್ಮೆಗೇ ನಿಂತಿತು. ಸೇಡಿಗೆ ಈಗ ಇನ್ನೊಂದು ಹೆಸರು ಸೇರಿತ್ತು, ಅದು ತನ್ನದೇ ಹೆಸರು. ಅದರಿಂದ ಸೇಡು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಅವಳು ಫೋನಿನಲ್ಲಿ ಆ ಹಾಳೆಯ ಫೋಟೊ ತೆಗೆದಳು. ಆಮೇಲೆ ಹಾಳೆಯನ್ನೇ ಮಡಚಿ, ಅವನ ಹೇಳಿಕೆಯ ಜೊತೆಗೆ ಚೀಲಕ್ಕೆ ಹಾಕಿಕೊಂಡಳು.

"ಇದನ್ನೂ ರಿಪೋರ್ಟಿಗೆ ಸೇರಿಸ್ತೀನಿ" ಎಂದಳು. ನೀವು ಹೋಗಿ ನೀನು ಬಂದಿತ್ತು. "ನಂದೂ ಹೋಗ್ಲಿ. ಕೆಲ್ಸ, ಹೆಸ್ರು, ಎಲ್ಲಾ. ಕಟಕಟೇಲಿ ನಿನ್ ಪಕ್ಕದಲ್ಲೇ ನಿಂತ್ಕೋತೀನಿ. ನಿನ್ನ ಮಾತ್ರ ಬಿಡಲ್ಲ."

ಹಾಳೆ ಅವಳ ಚೀಲ ಸೇರುವುದನ್ನು ದುರ್ಗೇಶ ನೋಡಿದ. ಕಿತ್ತುಕೊಳ್ಳಲು ಕೈ ಚಾಚಲಿಲ್ಲ. ಅದು ಅವಳಿಗೆ ವಿಚಿತ್ರವೆನಿಸಿತು. ಮತ್ತೊಂದು ವಿಚಿತ್ರ ಆಮೇಲೆ ಹೊಳೆಯಿತು: ಹಾಳೆಯ ಎಡ ಅಂಚಿನಲ್ಲಿ ಎರಡು ತೂತುಗಳಿದ್ದವು, ಫೈಲಿನ ದಾರ ಪೋಣಿಸುವ ತೂತುಗಳು. ಊರಾಚೆಯ ಗೋಡೌನ್ ಸೇರಿದೆ ಎಂದು ಮುನಿರಾಜಪ್ಪ ಹೇಳಿದ್ದ ಫೈಲಿನ ಅಸಲು ಹಾಳೆ ಇವನ ಡ್ರಾಯರಿಗೆ ಬಂದದ್ದು ಹೇಗೆ?

ಅವನ ಮುಖದ ಕಳೆ ವಾಪಸು ಬಂದಿತ್ತು. ಕುರ್ಚಿಗೆ ಒರಗಿ ಕೂತಿದ್ದ.

"ಅಷ್ಟೊಂದು ಕೋಪ ಯಾಕೆ ಮೇಡಂ? ನಿಮಗೇನಾಗ್ಬೇಕು ಆ ಹುಡುಗ?"

ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ. ಇಷ್ಟು ದಿನ ಬಾಯಿಯೊಳಗೇ ಹಿಡಿದಿಟ್ಟುಕೊಂಡಿದ್ದ ಮಾತು. ಅದನ್ನು ಕೇಳಿ ಅವನು ಕುಗ್ಗುವುದನ್ನು ನೋಡಬೇಕೆಂದು ಅವಳು ಎದ್ದು ನಿಂತು, ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದಳು.

"ಸೈಫ್ ನನ್ನ ತಮ್ಮ."

ದುರ್ಗೇಶ ಕುಗ್ಗಲಿಲ್ಲ. ರೆಪ್ಪೆ ಕೂಡ ಬಡಿಯಲಿಲ್ಲ.

"ಗೊತ್ತು ಮೇಡಂ" ಎಂದ. "ಮುನಿರಾಜಪ್ಪೋರು ಮೊದಲ್ನೇ ದಿನಾನೇ ಹೇಳಿದ್ರು. ನಿಮ್ಮ ಹಳೇ ನೌಕರಿ ದಾಖಲೇಲಿ ತಮ್ಮನ ಹೆಸರಿತ್ತಂತೆ. ಸತ್ತೋನ ಅಕ್ಕ, ಅದೇ ಗಾಡಿಗೆ ಏರ್‌ಬ್ಯಾಗ್ ಇದೆ ಅಂತ ಸಹಿ ಹಾಕಿರೋಳು. ಸಂಬಂಧ ಇಲ್ಲ ಅಂತ ಸುಳ್ಳು ಬರ್ಕೊಟ್ಟು ತನಿಖೆಗೆ ಬಂದಿರೋಳು. ನೀವು ಏನೇ ಹುಡ್ಕಿದ್ರೂ, ಏನೇ ಬರೆಸ್ಕೊಂಡ್ರೂ, ಯಾವ ಕೋರ್ಟು ಒಪ್ಪುತ್ತೆ ಹೇಳಿ? ಅದಕ್ಕೇ ತಾನೇ ಫೈಲನ್ನ ಬೇರೆ ಯಾರಿಗೂ ಕೊಡ್ದೆ ನಿಮ್ಮ ಕೈಗೇ ಕೊಡ್ಸಿದ್ದು."